ಮೂಕ ಪ್ರಾಣಿಯ ತಪ್ಪು, ಮನುಷ್ಯನ ಹೊಣೆ



ಕಳೆದ ಬೇಸಿಗೆ ರಜೆಯ ಕೊನೆಯ ವಾರ. ಇಶಾ ನಮಾಝ್ ಮುಗಿಸಿ ಮಸೀದಿಯ ಜಗಲಿಯಲ್ಲಿ ಕುಳಿತಿದ್ದೆ. ನಮ್ಮ ಮಹಲ್ಲಿನ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಪೇಟೆಯಲ್ಲಿ ಸಣ್ಣದೊಂದು ದಿನಸಿ ಅಂಗಡಿ ಇಟ್ಟುಕೊಂಡಿರುವವರು. ಅವರ ಹೆಸರು ಇಲ್ಲಿ ಬೇಡ. ನಾವೆಲ್ಲ ಕರೆಯುವಂತೆ ಕಾಕ ಎಂದೇ ಕರೆಯುತ್ತೇನೆ.

"ಉಸ್ತಾದ್, ಒಂದು ಮಸ್‌ಅಲ ಕೇಳಲಿಕ್ಕೆ ಉಂಟು. ಅಲ್ಲಾಹನ ವಿಧಿಯಿಂದ ಆದದ್ದಕ್ಕೆ ಮನುಷ್ಯನ ಹತ್ತಿರ ಹಣ ಕೇಳಿದರೆ ಈಮಾನಿಗೆ ಕುಂದು ಬರುತ್ತದಾ?" ಎಂದರು.

ಸಂಗತಿ ಇಷ್ಟು. ಮನೆಯವರೆಲ್ಲ ಸೇರಿ ಒಂದು ಗಿರಿಧಾಮಕ್ಕೆ ಹೋಗಿದ್ದರು. ಅಲ್ಲಿ ಕೆರೆಯ ಬದಿಯಲ್ಲಿ ಬಾಡಿಗೆ ಕುದುರೆಗಳು. ಹತ್ತು ವರ್ಷದ ಮಗಳು ಹಟ ಹಿಡಿದಳು. ಕುದುರೆಯ ಯಜಮಾನ ಅವಳನ್ನು ಹತ್ತಿಸಿ, ಹಗ್ಗವನ್ನು ತನ್ನ ಕೆಲಸದ ಹುಡುಗನ ಕೈಗೆ ಕೊಟ್ಟು ಬೇರೆ ಗಿರಾಕಿಯ ಕಡೆಗೆ ಹೋದ. ಹುಡುಗನಿಗೆ ಹದಿನಾಲ್ಕೋ ಹದಿನೈದೋ ವರ್ಷ. ಸ್ವಲ್ಪ ದೂರ ಹೋದ ಮೇಲೆ ಆ ಹುಡುಗ ಹಗ್ಗ ಬಿಟ್ಟು ಕುದುರೆಯ ಹಿಂಭಾಗಕ್ಕೆ ಒಂದೇಟು ಹಾಕಿದ. ಕುದುರೆ ಓಡಿತು. ಜೀನನ್ನು ಹೊಟ್ಟೆಗೆ ಬಿಗಿಯುವ ಪಟ್ಟಿ ಸಡಿಲವಾಗಿತ್ತು. ಜೀನು ಪಕ್ಕಕ್ಕೆ ವಾಲಿತು, ಮಗು ಕೆಳಗೆ ಬಿತ್ತು. ಬಲ ಮೊಣಕೈಯ ಎಲುಬು ಮುರಿದು ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯ ಖರ್ಚು 74 ಸಾವಿರ. ಕೈ ಪೂರ್ತಿ ನೆಟ್ಟಗಾಗುವುದು ಕಷ್ಟ ಎಂದು ಎಲುಬಿನ ವೈದ್ಯರು ಹೇಳಿದ್ದಾರೆ.

ಮನೆಯಲ್ಲಿ ಎರಡು ಮಾತು ನಡೆದಿತ್ತು. ಕಾಕನ ಉಮ್ಮ, "ಎಲ್ಲ ಅಲ್ಲಾಹನ ತೀರ್ಮಾನ, ಬಿಟ್ಟುಬಿಡು" ಎನ್ನುತ್ತಿದ್ದರು. ಹೆಂಡತಿಯ ಅಣ್ಣ, "ವಕೀಲರ ಹತ್ತಿರ ಹೋಗುವ, ಐದು ಲಕ್ಷ ಕೇಳುವ" ಎನ್ನುತ್ತಿದ್ದರು. ಈ ಎರಡರ ನಡುವೆ ಸಿಕ್ಕಿಕೊಂಡು ಕಾಕ ನನ್ನ ಬಳಿಗೆ ಬಂದಿದ್ದರು.

ಪ್ರಿಯ ಸಹೋದರ ಸಹೋದರಿಯರೇ, ಇದು ಕಾಕ ಒಬ್ಬರ ಪ್ರಶ್ನೆಯಲ್ಲ. ಅಪಘಾತವಾದಾಗ ನಮ್ಮ ಹೆಚ್ಚಿನ ಮನೆಗಳಲ್ಲಿ ಇದೇ ಎರಡು ಮಾತುಗಳು ಹುಟ್ಟುತ್ತವೆ. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ಧರ್ಮ ಏನು ಹೇಳುತ್ತದೆಂದು ನೋಡಿ ತುಂಬಿಕೊಳ್ಳಬೇಕಾಗುತ್ತದೆ.

ಕುದುರೆ ಇಸ್ಲಾಮಿನ ಇತಿಹಾಸದಲ್ಲಿ ಅಪರಿಚಿತ ಪ್ರಾಣಿಯಲ್ಲ. ಅದರ ಹಣೆಗೂದಲಲ್ಲಿ ಅಂತ್ಯದಿನದವರೆಗೂ ಒಳಿತು ಹೆಣೆದುಕೊಂಡಿದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಮದೀನದಲ್ಲಿ ಒಂದು ರಾತ್ರಿ ಗದ್ದಲ ಕೇಳಿ ಜನ ಭಯಗೊಂಡಾಗ, ಅಬೂ ತಲ್ಹಾ(ರ) ಅವರ ಕುದುರೆಯನ್ನು ಕೇಳಿ ಪಡೆದು ಎಲ್ಲರಿಗಿಂತ ಮೊದಲು ನೋಡಿಬಂದವರು ಅವರೇ. ಪಳಗಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾಅ್‌ವರೆಗೆ, ಪಳಗಿಸದವುಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಓಟದ ಸ್ಪರ್ಧೆ ಏರ್ಪಡಿಸಿದ್ದರು. ಯುವಕರಾಗಿದ್ದ ಇಬ್ನು ಉಮರ್(ರ) ಅದರಲ್ಲಿ ಭಾಗವಹಿಸಿದ್ದರೆಂದು ಬುಖಾರಿಯಲ್ಲಿದೆ. ಪಳಗಿದ ಕುದುರೆಗೆ ದೂರದ ಗುರಿ, ಪಳಗದ್ದಕ್ಕೆ ಹತ್ತಿರದ ಗುರಿ. ಪ್ರಾಣಿಯ ಶಕ್ತಿ ನೋಡಿ ಓಡಿಸಬೇಕೆಂಬ ಎಚ್ಚರ ಆ ಏರ್ಪಾಡಿನಲ್ಲೇ ಇದೆ.

ಆ ಪ್ರವಾದಿವರ್ಯರು(ಸ) ಕೂಡ ಒಮ್ಮೆ ಕುದುರೆಯಿಂದ ಬಿದ್ದಿದ್ದರು ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅನಸ್ ಬಿನ್ ಮಾಲಿಕ್(ರ) ವರದಿ ಮಾಡಿದ್ದಾರೆ. ಮೈಯ ಬಲಭಾಗ ತರಚಿಹೋಗಿತ್ತು, ನೋಡಲು ಬಂದ ಸಹಾಬಿಗಳಿಗೆ ಕುಳಿತುಕೊಂಡೇ ನಮಾಝಿನ ನೇತೃತ್ವ ನೀಡಿದರು. ಕುದುರೆಯನ್ನು ಬೈದದ್ದಾಗಲಿ, ಯಾರಿಂದಲಾದರೂ ಏನನ್ನಾದರೂ ಕೇಳಿದ್ದಾಗಲಿ ಆ ವರದಿಯಲ್ಲಿಲ್ಲ. ಕಾಕನ ಉಮ್ಮನಂಥವರು ಇದನ್ನೇ ಆಧಾರ ಮಾಡಿಕೊಂಡು, ನೋವಾದರೆ ಸುಮ್ಮನಿರುವುದೇ ಸುನ್ನತ್ ಎನ್ನಬಹುದು. ಆದರೆ ಅಲ್ಲಿ ಇನ್ನೊಬ್ಬನ ತಪ್ಪಿರಲಿಲ್ಲ. ತಪ್ಪಿಲ್ಲದ ಕಡೆ ಸಹನೆ. ತಪ್ಪಿದ್ದ ಕಡೆಯೂ ಸಹನೆಯೇ, ಆದರೆ ಅದರ ಜೊತೆಗೆ ಒಂದು ಹಕ್ಕೂ ಇದೆ.

ಆ ಹಕ್ಕನ್ನು ಇಟ್ಟವನು ಯಾರು? ವಿಧಿಯನ್ನು ಬರೆದ ಅದೇ ಅಲ್ಲಾಹನು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 92ನೆಯ ಸೂಕ್ತವನ್ನು ತೆರೆದು ನೋಡಿರಿ. ಒಬ್ಬ ಸತ್ಯವಿಶ್ವಾಸಿಯು ಇನ್ನೊಬ್ಬನನ್ನು ಕೈತಪ್ಪಿ ಕೊಂದರೆ, ಅಂದರೆ ಮನಸ್ಸಿನಲ್ಲಿ ಕೊಲ್ಲುವ ಉದ್ದೇಶ ಇಲ್ಲದೇ ಹೋದರೂ, ಸತ್ತವನ ಮನೆಯವರಿಗೆ ದಿಯತ್ ಅರ್ಥಾತ್ ಪರಿಹಾರಧನ ಒಪ್ಪಿಸಬೇಕೆಂದು ಅಲ್ಲಿದೆ. ಅವರು ಅದನ್ನು ದಾನವಾಗಿ ಬಿಟ್ಟುಕೊಟ್ಟರೆ ಅದು ಬೇರೆ. ಕೈತಪ್ಪಿ ಆದದ್ದೂ ವಿಧಿಯೇ ಅಲ್ಲವೇ? ಆದರೂ ಪರಿಹಾರವನ್ನು ಕಡ್ಡಾಯ ಮಾಡಲಾಗಿದೆ. ಹಾಗಾದರೆ ಪರಿಹಾರ ಕೇಳುವವನು ವಿಧಿಯ ಮೇಲೆ ದೂರು ಕೊಡುತ್ತಿಲ್ಲ, ಅಲ್ಲಾಹನು ಕೊಟ್ಟ ಹಕ್ಕನ್ನೇ ಕೇಳುತ್ತಿದ್ದಾನೆ. ಪ್ರಾಣಕ್ಕೆ ನೂರು ಒಂಟೆ, ಒಂದು ಬೆರಳಿಗೆ ಹತ್ತು, ಒಂದು ಹಲ್ಲಿಗೆ ಐದು ಎಂಬ ಲೆಕ್ಕ ಪ್ರವಾದಿವರ್ಯರು(ಸ) ಅಮ್ರ್ ಬಿನ್ ಹಝ್ಮ್(ರ) ಅವರ ಕೈಯಲ್ಲಿ ಯಮನ್‌ಗೆ ಕಳುಹಿಸಿದ ಪತ್ರದಲ್ಲಿತ್ತು. ವಿಧಿ ಎಂದು ಬಿಟ್ಟುಬಿಡುವುದೇ ಧರ್ಮವಾಗಿದ್ದರೆ ಒಂದು ಹಲ್ಲಿನ ಲೆಕ್ಕವನ್ನು ಬರೆಸುವ ಅಗತ್ಯವೇನಿತ್ತು?

ಇದನ್ನು ಹೇಳಿದಾಗ ಕಾಕ ತಲೆದೂಗಿದರು. ಆದರೆ ಅವರ ಬಳಿ ಇನ್ನೊಂದು ಮಾತಿತ್ತು. ಕುದುರೆಯ ಯಜಮಾನನೂ ನಮಾಝಿ ಮನುಷ್ಯ, ಬಡವ. ಮಗುವನ್ನು ತಾನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು. ಆದರೆ ದುಡ್ಡಿನ ಮಾತು ಬಂದಾಗ, "ಪ್ರಾಣಿ ಮಾಡಿದ ಗಾಯಕ್ಕೆ ಪರಿಹಾರವಿಲ್ಲ ಎಂದು ಹದೀಸೇ ಇದೆಯಲ್ಲ" ಎಂದುಬಿಟ್ಟನಂತೆ. ಯಾವುದೋ ಬಯಾನ್‌ನಲ್ಲಿ ಕೇಳಿದ್ದನಂತೆ.

ಹದೀಸ್ ಇದೆ, ನಿಜ. ಅಬೂಹುರೈರಾ(ರ) ಅವರಿಂದ ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಮೂಕ ಪ್ರಾಣಿ ಮಾಡಿದ ಗಾಯಕ್ಕೆ ಹೊಣೆಯಿಲ್ಲ, ಬಾವಿಗೆ ಬಿದ್ದುದಕ್ಕೆ, ಗಣಿಯಲ್ಲಾದ ಅನಾಹುತಕ್ಕೆ ಹೊಣೆಯಿಲ್ಲ ಎಂಬ ಆಶಯ ಅದರಲ್ಲಿದೆ. ಆದರೆ ಹದೀಸನ್ನು ಅರ್ಧ ಕೇಳಿ ಪೂರ್ತಿ ತೀರ್ಪು ಕೊಡುವ ರೋಗ ನಮ್ಮಲ್ಲಿ ಹಳೆಯದು. ಪ್ರಾಣಿಯು ತಾನಾಗಿಯೇ, ಯಾರ ಕೈಯಲ್ಲೂ ಇಲ್ಲದಾಗ, ಯಾರ ಉದಾಸೀನವೂ ಇಲ್ಲದೆ ಮಾಡಿದ ಹಾನಿಯ ಕುರಿತು ಆ ಮಾತು ಎಂದು ವಿದ್ವಾಂಸರು ವಿವರಿಸಿದ್ದಾರೆ. ಪ್ರವಾದಿವರ್ಯರ(ಸ) ಇನ್ನೊಂದು ತೀರ್ಪು ಅದನ್ನೇ ಸ್ಪಷ್ಟಪಡಿಸುತ್ತದೆ. ಬರಾ ಬಿನ್ ಆಝಿಬ್(ರ) ಅವರ ಒಂಟೆ ಒಬ್ಬರ ತೋಟಕ್ಕೆ ನುಗ್ಗಿ ಹಾಳು ಮಾಡಿತು. ಹಗಲು ತೋಟ ಕಾಯುವುದು ತೋಟದವರ ಹೊಣೆ, ರಾತ್ರಿ ಪ್ರಾಣಿಯನ್ನು ಕಟ್ಟಿಹಾಕುವುದು ಪ್ರಾಣಿಯ ಒಡೆಯರ ಹೊಣೆ, ರಾತ್ರಿಯ ನಷ್ಟವನ್ನು ಅವರೇ ತುಂಬಿಕೊಡಬೇಕು ಎಂದು ಅವರು ತೀರ್ಪಿತ್ತರು. ಹಾನಿ ಮಾಡಿದ್ದು ಒಂಟೆಯೇ. ಆದರೆ ಅದನ್ನು ಕಟ್ಟಬೇಕಾದವನು ಕಟ್ಟಿದ್ದನೇ ಎಂದು ಅಲ್ಲಿ ವಿಚಾರಿಸಲಾಯಿತು.

ಇದಕ್ಕಿಂತಲೂ ಹಳೆಯ ಮೊಕದ್ದಮೆಯೊಂದು ಅಲ್ ಅಂಬಿಯಾ ಅಧ್ಯಾಯದಲ್ಲಿದೆ. ರಾತ್ರಿ ಕುರಿಗಳು ಹೊಲ ಮೇಯ್ದ ಪ್ರಕರಣದಲ್ಲಿ ದಾವೂದ್(ಅ) ಮತ್ತು ಸುಲೈಮಾನ್(ಅ) ಅವರ ತೀರ್ಪು. ಕುರಿಗಳನ್ನೇ ಹೊಲದವನಿಗೆ ಕೊಡಿಸಿದ್ದು ತಂದೆಯ ತೀರ್ಪು. ಹೊಲ ಮೊದಲಿನಂತಾಗುವವರೆಗೆ ಕುರಿಯವನು ಹೊಲದಲ್ಲಿ ದುಡಿಯಲಿ, ಅಲ್ಲಿಯತನಕ ಹಾಲು ಮತ್ತು ಉಣ್ಣೆಯನ್ನು ಹೊಲದವನು ಪಡೆಯಲಿ, ಆಮೇಲೆ ಅವರವರದು ಅವರವರಿಗೆ ಎಂಬುದು ಮಗನದು ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ನಷ್ಟ ತುಂಬಬೇಕು, ಆದರೆ ತುಂಬುವವನ ಬದುಕು ಮುರಿಯಬಾರದು. ಕಾಕನಿಗೆ ಈ ಕಥೆ ಬಹಳ ಹಿಡಿಸಿತು. ಎರಡು ಸಲ ಹೇಳಿಸಿದರು.

ಇನ್ನು ನಮ್ಮ ಕರ್ಮಶಾಸ್ತ್ರದ ಇಮಾಮರುಗಳು ಕುದುರೆಯ ವಿಷಯವನ್ನು ಎಷ್ಟು ಸೂಕ್ಷ್ಮವಾಗಿ ಬಿಡಿಸಿದ್ದಾರೆಂದರೆ, ಮದ್ರಸದಲ್ಲಿ ಓದುವಾಗ ನಮಗೆ ನಗು ಬರುತ್ತಿತ್ತು. ಹನಫೀ ಗ್ರಂಥವಾದ ಹಿದಾಯದಲ್ಲಿದೆ: ಸವಾರನ ಕುದುರೆ ದಾರಿಯಲ್ಲಿ ತುಳಿದುದಕ್ಕೆ, ತಲೆಯಿಂದ ಗುದ್ದಿದುದಕ್ಕೆ, ಕಚ್ಚಿದುದಕ್ಕೆ ಸವಾರ ಹೊಣೆ. ನಡೆಯುತ್ತಿರುವಾಗ ಹಿಂಗಾಲಿನಿಂದ ಒದ್ದುದಕ್ಕೆ ಅಥವಾ ಬಾಲ ಬೀಸಿದುದಕ್ಕೆ ಹೊಣೆಯಲ್ಲ. ಆದರೆ ದಾರಿಯಲ್ಲಿ ಅದನ್ನು ನಿಲ್ಲಿಸಿಕೊಂಡಿದ್ದರೆ ಆ ಒದೆತಕ್ಕೂ ಹೊಣೆ. ಮುಂಗಾಲು, ಹಿಂಗಾಲು ಎಂದು ಲೆಕ್ಕ ಹಾಕುವುದೇನು ಎಂದು ಅಂದು ನಕ್ಕಿದ್ದೆವು. ಈಗ ತಿಳಿಯುತ್ತದೆ, ಮನುಷ್ಯನಿಂದ ಯಾವುದನ್ನು ತಡೆಯಲು ಸಾಧ್ಯವೋ ಅದಕ್ಕೆ ಮಾತ್ರ ಅವನನ್ನು ಹಿಡಿಯಬೇಕು ಎಂಬ ನ್ಯಾಯಪ್ರಜ್ಞೆ ಅದು. ನಡೆಯುವ ಕುದುರೆಯ ಹಿಂಗಾಲು ಸವಾರನ ಕಣ್ಣಿಗೆ ಬೀಳುವುದಿಲ್ಲ. ಕರಾವಳಿಯಲ್ಲಿ ನಾವು ಅನುಸರಿಸುವ ಶಾಫಿಈ ಮದ್‌ಹಬ್ ಇನ್ನೂ ಕಟ್ಟುನಿಟ್ಟು. ಪ್ರಾಣಿಯ ಜೊತೆಗೆ ಮನುಷ್ಯನಿದ್ದರೆ ಅದರ ಯಾವ ಅಂಗ ಮಾಡಿದ ಹಾನಿಗೂ ಅವನೇ ಹೊಣೆ, ಹಗಲಾಗಲಿ ರಾತ್ರಿಯಾಗಲಿ.

ಅದೇ ಹಿದಾಯದಲ್ಲಿ ಇನ್ನೊಂದು ಮಸ್‌ಅಲ ಇದೆ. ಒಬ್ಬನು ಕುಳಿತಿರುವ ಕುದುರೆಯನ್ನು ಇನ್ನೊಬ್ಬ ತಿವಿದು ಅದು ಸವಾರನನ್ನು ಕೆಡವಿ ಅವನು ಸತ್ತರೆ, ತಿವಿದವನ ಕಡೆಯವರ ಮೇಲೆ ದಿಯತ್ ಬರುತ್ತದೆ. ಕಾಕನ ಮಗಳ ಪ್ರಕರಣವನ್ನೇ ಎಂಟು ನೂರು ವರ್ಷಗಳ ಹಿಂದೆ ಕುಳಿತು ಬರೆದಂತಿದೆಯಲ್ಲವೇ? ಏಟು ಹಾಕಿದವನು ಆ ಹುಡುಗ. ಆ ಎಳೆಯ ಕೈಗೆ ಹಗ್ಗ ಕೊಟ್ಟವನು, ಪಟ್ಟಿ ಬಿಗಿಯದೆ ಬಿಟ್ಟವನು ಯಜಮಾನ. ವೈದ್ಯ ತಿಳಿಯದವನು ವೈದ್ಯ ಮಾಡಿ ಹಾನಿಯಾದರೆ ಅವನೇ ಹೊಣೆಗಾರನೆಂದು ಅಬೂದಾವೂದ್‌ನ ಹದೀಸ್ ಇದೆ. ಕುದುರೆ ನಡೆಸಲು ತಿಳಿಯದ ಹುಡುಗನ ಕೈಗೆ ಇನ್ನೊಬ್ಬರ ಮಗುವನ್ನು ಒಪ್ಪಿಸಿದವನಿಗೂ ಅದೇ ಮಾತು ಅನ್ವಯಿಸುತ್ತದೆಂದು ನನ್ನ ಅಭಿಪ್ರಾಯ.

ಆದ್ದರಿಂದ ಕೇಳಬಹುದು. ಕೇಳುವುದು ಹಲಾಲ್. ಅದರಲ್ಲಿ ನಾಚಿಕೆಯಿಲ್ಲ.

ಏನೇನು ಕೇಳಬಹುದು? ಗಾಯ ಮಾಗಿ ಗುರುತೂ ಉಳಿಯದಿದ್ದರೆ ಏನು ಕೊಡಬೇಕೆಂದು ಇಮಾಮರಲ್ಲಿಯೇ ಚರ್ಚೆ ನಡೆದಿತ್ತು. ಏನೂ ಇಲ್ಲವೆಂದರು ಅಬೂ ಹನೀಫಾ(ರ). ಅನುಭವಿಸಿದ ನೋವಿಗೆ ಬೆಲೆ ಕಟ್ಟಿ ಕೊಡಬೇಕೆಂದರು ಅವರ ಶಿಷ್ಯ ಅಬೂ ಯೂಸುಫ್(ರ). ವೈದ್ಯರ ಶುಲ್ಕ ಕೊಡಬೇಕೆಂದರು ಇನ್ನೊಬ್ಬ ಶಿಷ್ಯ ಮುಹಮ್ಮದ್(ರ). ನೋವಿಗೂ ಬೆಲೆಯಿದೆ ಎಂಬುದು ಇತ್ತೀಚಿನ ನ್ಯಾಯಾಲಯಗಳು ಕಂಡುಹಿಡಿದ ಮಾತೆಂದು ನಾನು ಬಿ.ಎ. ಓದುವಾಗ ಭಾವಿಸಿದ್ದೆ. ಹಿಜ್ರಾ ಎರಡನೆಯ ಶತಮಾನದಲ್ಲೇ ಕೂಫಾದ ವಿದ್ವಾಂಸರು ಅದನ್ನು ಚರ್ಚಿಸಿ ಮುಗಿಸಿದ್ದರು. ಊನ ಉಳಿದರೆ, ಅದಕ್ಕೆ ನಿಗದಿತ ಲೆಕ್ಕವಿಲ್ಲದಿದ್ದರೆ, ತಿಳಿದ ನ್ಯಾಯವಂತರು ಕುಳಿತು ನಿರ್ಣಯಿಸುವ ಮೊತ್ತಕ್ಕೆ ಹುಕೂಮತುಲ್ ಅದ್ಲ್ ಎಂದು ಹೆಸರು.

ದೇಶದ ಕಾನೂನಿನ ಬಾಗಿಲೂ ಮುಚ್ಚಿಲ್ಲ. ವಾಹನ ಅಪಘಾತದ ನ್ಯಾಯಮಂಡಳಿಗೆ ಹೋಗಿ ಎಂದು ಕಾಕನಿಗೆ ಯಾರೋ ಹೇಳಿದ್ದರು. ಅದು ಮೋಟಾರು ವಾಹನಗಳಿಂದಾದ ಅಪಘಾತಕ್ಕೆ ಮಾತ್ರ, ಕುದುರೆಗೆ ಅನ್ವಯಿಸದು. ಆದರೆ ಹಣ ಕೊಟ್ಟು ಸವಾರಿ ಮಾಡಿದವನು ಗ್ರಾಹಕ. ಸೇವೆಯಲ್ಲಿ ಕೊರತೆಯಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 1986ರ ಕಾಯ್ದೆಯ ಬದಲಿಗೆ ಬಂದ 2019ರ ಕಾಯ್ದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು, ಬೆಟ್ಟ ಹತ್ತಿ ಹೋಗಬೇಕಾಗಿಲ್ಲ. ಪ್ರಾಣಿಯನ್ನು ಜೋಪಾನವಾಗಿ ಇಟ್ಟುಕೊಳ್ಳದೆ ಜನರಿಗೆ ಅಪಾಯ ತಂದರೆ ಅದು ಅಪರಾಧವೂ ಹೌದು. ಹಿಂದೆ ದಂಡ ಸಂಹಿತೆಯ 289ನೆಯ ಕಲಮು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು. ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ನಮ್ಮ ಎಷ್ಟೋ ಸಹೋದರಿಯರಿಗೆ ಇದು ತಿಳಿಯದು. ಇಂಗ್ಲೆಂಡಿನಲ್ಲಿ ನೆಲೆಸಿ ಮಕ್ಕಳನ್ನು ಕುದುರೆ ಸವಾರಿ ಶಾಲೆಗೆ ಕಳುಹಿಸುವ ನಮ್ಮವರಿದ್ದರೆ ಅವರಿಗೂ ಒಂದು ಮಾತು. ಅಲ್ಲಿ 1971ರಿಂದಲೇ ಪ್ರಾಣಿಗಳಿಂದಾದ ಹಾನಿಗೆ ಪ್ರತ್ಯೇಕ ಕಾಯ್ದೆಯಿದೆ. ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು, ಮಕ್ಕಳಿಗೆ ಆ ಗಡುವು ಹದಿನೆಂಟು ತುಂಬಿದ ಮೇಲೆ ಆರಂಭವಾಗುತ್ತದೆ.

ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಕಾಕ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಟೋಪಿ ತೆಗೆದು ತಲೆ ಒರೆಸಿಕೊಂಡರು. ಮತ್ತೆ ಹಾಕಿದರು. "ಇನ್ನೊಂದು ಉಂಟು ಉಸ್ತಾದ್" ಎಂದರು.

ಕುದುರೆಗೆ ಏಟು ಹಾಕು ಎಂದು ಹೇಳಿದ್ದು ಅವರ ದೊಡ್ಡ ಮಗ. ಕಾಲೇಜಿಗೆ ಹೋಗುವ ಹುಡುಗ. ತಂಗಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯುತ್ತಾ, "ಓಡಿಸು, ಓಡಿಸು, ಐವತ್ತು ರೂಪಾಯಿ ಜಾಸ್ತಿ ಕೊಡುತ್ತೇನೆ" ಎಂದು ಕೂಗಿದ್ದ. ಮಗು ಬೇಡ ಬೇಡ ಎಂದು ಅಳುತ್ತಿದ್ದುದೂ, ಅವನು ಕೂಗಿದ್ದೂ ಅದರಲ್ಲಿ ಕೇಳಿಸುತ್ತದೆ. ಆ ತುಂಡನ್ನು ಅಳಿಸಿಹಾಕಿ, ಬೀಳುವ ಭಾಗವನ್ನು ಮಾತ್ರ ವಕೀಲರಿಗೆ ಕೊಡುವ ಎಂದು ಸೋದರಮಾವ ಸಲಹೆ ಕೊಟ್ಟಿದ್ದರು. ಹುಡುಗನೂ ಒಪ್ಪಿದ್ದ. ಅಂದು ರಾತ್ರಿಯೇ ಅದು ಆಗಬೇಕಿತ್ತು.

ಓದುಗರೇ, ಕಾಕ ಮಸ್‌ಅಲ ಕೇಳಲು ಬಂದದ್ದು ನಿಜವಾಗಿ ಇದಕ್ಕಾಗಿ. ವಿಧಿಯ ಪ್ರಶ್ನೆ ಬರೀ ಪೀಠಿಕೆ. ನಮ್ಮಲ್ಲಿ ಅನೇಕರು ಧರ್ಮದ ಪ್ರಶ್ನೆಯನ್ನು ಕೇಳುವ ರೀತಿಯೇ ಇದು. ಕೇಳಬೇಕಾದುದನ್ನು ಕೊನೆಗೆ, ಎದ್ದು ಹೋಗುವ ಹೊತ್ತಿಗೆ ಕೇಳುತ್ತೇವೆ.

ನಾನು ಅವರಿಗೆ ಉಮ್ಮು ಸಲಮಾ(ರ) ಅವರು ವರದಿ ಮಾಡಿದ ಹದೀಸನ್ನು ನೆನಪಿಸಿದೆ. ತಾನೂ ಒಬ್ಬ ಮನುಷ್ಯ, ನೀವು ವ್ಯಾಜ್ಯಗಳನ್ನು ತರುತ್ತೀರಿ, ನಿಮ್ಮಲ್ಲೊಬ್ಬನು ಮಾತಿನಲ್ಲಿ ಇನ್ನೊಬ್ಬನಿಗಿಂತ ಚತುರನಿರಬಹುದು, ನಾನು ಕೇಳಿದ ಪ್ರಕಾರ ತೀರ್ಪು ಕೊಡುತ್ತೇನೆ, ಆದರೆ ಹಾಗೆ ಒಬ್ಬನಿಗೆ ಅವನ ಸಹೋದರನ ಹಕ್ಕನ್ನು ಕೊಟ್ಟುಬಿಟ್ಟರೆ ಅದು ನರಕಾಗ್ನಿಯ ತುಂಡು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ಪ್ರವಾದಿಯ ಬಾಯಿಂದ ಬಂದ ತೀರ್ಪೇ ಸುಳ್ಳನ್ನು ಹಲಾಲ್ ಮಾಡದಿದ್ದರೆ, ಗ್ರಾಹಕ ಆಯೋಗದ ಆದೇಶಪತ್ರ ಮಾಡುವುದೇ? ಸುಳ್ಳು ಸಾಕ್ಷ್ಯದ ಮಾತು ಬಂದಾಗ ಒರಗಿ ಕುಳಿತಿದ್ದ ಪ್ರವಾದಿವರ್ಯರು(ಸ) ಎದ್ದು ಕುಳಿತು ಅದನ್ನು ಮತ್ತೆ ಮತ್ತೆ ಹೇಳಿದರೆಂದೂ ಬುಖಾರಿಯಲ್ಲಿದೆ. ಅಳಿಸಿದ ಧ್ವನಿ ಸುಳ್ಳು ಸಾಕ್ಷ್ಯವಲ್ಲವೇ? ಬಾಯಿಂದ ಸುಳ್ಳಾಡಿದವನಿಗೂ ಬೆರಳಿನಿಂದ ಸತ್ಯ ಅಳಿಸಿದವನಿಗೂ ಏನು ವ್ಯತ್ಯಾಸ?

"ಹಾಗಾದರೆ ನಮ್ಮ ಹಕ್ಕೇ ಹೋಯಿತಾ?" ಎಂದರು ಕಾಕ.

ಹೋಗಿಲ್ಲ, ಎಂದೆ. ಅಲಿ(ರ) ಅವರ ಒಂದು ಪ್ರಸಿದ್ಧ ತೀರ್ಪು ಕರ್ಮಶಾಸ್ತ್ರದ ಗ್ರಂಥಗಳಲ್ಲಿ ಬರುತ್ತದೆ. ಮೂವರು ಹುಡುಗಿಯರು ಸವಾರಿಯ ಆಟ ಆಡುತ್ತಿದ್ದರು. ಒಬ್ಬಳ ಮೇಲೆ ಇನ್ನೊಬ್ಬಳು ಹತ್ತಿದ್ದಳು. ಮೂರನೆಯವಳು ಹೊತ್ತವಳನ್ನು ಚಿವುಟಿದಳು. ಅವಳು ನೆಗೆದಳು, ಮೇಲಿದ್ದವಳು ಬಿದ್ದು ಕತ್ತು ಮುರಿದು ಸತ್ತಳು. ಅಲಿ(ರ) ದಿಯತನ್ನು ಮೂರು ಪಾಲು ಮಾಡಿದರು. ಚಿವುಟಿದವಳ ಕಡೆಯಿಂದ ಒಂದು, ನೆಗೆದವಳ ಕಡೆಯಿಂದ ಒಂದು. ಮೂರನೆಯ ಪಾಲನ್ನು ಬಿಟ್ಟರು, ಏಕೆಂದರೆ ಸತ್ತವಳೂ ಆ ಆಟದಲ್ಲಿ ಪಾಲುಗೊಂಡಿದ್ದಳು. ಇಬ್ಬರು ಸವಾರರು ಪರಸ್ಪರ ಢಿಕ್ಕಿ ಹೊಡೆದು ಸತ್ತರೆ ಶಾಫಿಈ ಇಮಾಮರು ಅರ್ಧ ಅರ್ಧ ದಿಯತ್ ಹೇಳಿರುವುದೂ ಇದೇ ತರ್ಕದಿಂದ, ಪ್ರತಿಯೊಬ್ಬನ ಸಾವಿನಲ್ಲೂ ಅವನದೇ ಅರ್ಧ ಕೈಯಿದೆ. ತಪ್ಪು ಎಷ್ಟು ಜನರದೋ ಅಷ್ಟು ಪಾಲು.

ಕಾಕನ ಮಗಳ ವಿಷಯದಲ್ಲಿ ಬಿದ್ದವಳ ಪಾಲು ಏನೂ ಇಲ್ಲ. ಅವಳು ಮಗು, ಬೇಡವೆಂದು ಅತ್ತವಳು. ಆದರೆ ಏಟು ಹಾಕಿದವನೊಬ್ಬ, ಪಟ್ಟಿ ಬಿಗಿಯದೆ ಹುಡುಗನಿಗೆ ಒಪ್ಪಿಸಿ ಹೋದವನೊಬ್ಬ, ಹಣದ ಆಸೆ ತೋರಿಸಿ ಏಟು ಹಾಕಿಸಿದವನೊಬ್ಬ. ಆ ಮೂರನೆಯವನು ಮನೆಯೊಳಗೇ ಇದ್ದಾನೆ ಎಂದೆ.

ಕಾಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಬೇಡ ಬಿಡಿ. ಆ ಬಡವನಿಗೆ ಎಲ್ಲವನ್ನೂ ಮಾಫ್ ಮಾಡಿಬಿಡುತ್ತೇನೆ. ಸವಾಬಾದರೂ ಸಿಗಲಿ" ಎಂದರು.

ಇಲ್ಲಿ ನಾನು ಕಟುವಾಗಿ ಮಾತಾಡಬೇಕಾಯಿತು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ಹೇಳಿದೆ. ಕಾಕ, ಆಸ್ಪತ್ರೆಗೆ ಕೊಟ್ಟ 74 ಸಾವಿರ ನಿಮ್ಮ ಜೇಬಿನದು, ಅದನ್ನು ಬಿಡುವುದಾದರೆ ಬಿಡಿ, ಅಲ್ಲಾಹನು ಪ್ರತಿಫಲ ಕೊಡಲಿ. ಆದರೆ ನೆಟ್ಟಗಾಗದ ಆ ಕೈ ನಿಮ್ಮದಲ್ಲ. ಅಪ್ರಾಪ್ತ ಮಗುವಿನ ಹಕ್ಕನ್ನು ತಂದೆಯು ರಾಜಿಯಲ್ಲಿ ಪಡೆಯಬಹುದು, ಪುಕ್ಕಟೆಯಾಗಿ ಬಿಟ್ಟುಕೊಡುವಂತಿಲ್ಲ ಎಂದು ಇಮಾಮರು ಬರೆದಿದ್ದಾರೆ. ಮಗಳ ಹಕ್ಕನ್ನು ದಾನ ಮಾಡಿ ನೀವು ಸವಾಬ್ ಪಡೆಯುವುದು ಹೇಗೆ? ಮಗನ ಹೆಸರು ಹೊರಗೆ ಬರದಿರಲಿ ಎಂದು ಮಾಫ್ ಮಾಡುವುದಾದರೆ ಅದು ಮಾಫಿಯೂ ಅಲ್ಲ.

ಮರುದಿನ ನಮ್ಮ ಹಿರಿಯ ಉಸ್ತಾದರನ್ನೂ ಕೇಳಿದೆವು. ಅವರೂ ಇದನ್ನೇ ಹೇಳಿದರು. ಜೊತೆಗೆ ಒಂದು ಕಥೆ ಹೇಳಿದರು. ಖಲೀಫಾ ಉಮರ್(ರ) ಒಬ್ಬನ ಕುದುರೆಯನ್ನು ಕೊಳ್ಳುವ ಉದ್ದೇಶದಿಂದ ಪರೀಕ್ಷೆಗೆ ತೆಗೆದುಕೊಂಡಿದ್ದರು. ಸವಾರಿಯಲ್ಲಿ ಅದಕ್ಕೆ ಪೆಟ್ಟಾಯಿತು. ಕುದುರೆಯವನು ವಾಪಸು ಪಡೆಯಲು ಒಪ್ಪಲಿಲ್ಲ. ಮಧ್ಯಸ್ಥಿಕೆಗೆ ಆತನೇ ಶುರೈಹ್ ಎಂಬವರನ್ನು ಆರಿಸಿದ. ಸುಸ್ಥಿತಿಯಲ್ಲಿ ತೆಗೆದುಕೊಂಡದ್ದನ್ನು ಸುಸ್ಥಿತಿಯಲ್ಲಿ ಕೊಡಿ, ಇಲ್ಲವಾದರೆ ಬೆಲೆ ನಿಮ್ಮ ಮೇಲೆ ಎಂದು ಶುರೈಹ್ ಖಲೀಫರ ವಿರುದ್ಧವೇ ತೀರ್ಪಿತ್ತರು. ಉಮರ್(ರ) ಅವರನ್ನು ಕೂಫಾದ ಖಾಝಿಯಾಗಿ ನೇಮಿಸಿದರು. ಹಿರಿಯ ಉಸ್ತಾದರು ಕಥೆಗೆ ವ್ಯಾಖ್ಯಾನ ಕೊಡಲಿಲ್ಲ. ಎದುರಿಗೆ ಕುಳಿತಿದ್ದ ಕಾಕನ ಮಗನನ್ನು ಒಮ್ಮೆ ನೋಡಿದರು, ಅಷ್ಟೇ.

ವಾರದ ನಂತರ ನಾವು ನಾಲ್ವರು ಬೆಟ್ಟಕ್ಕೆ ಹೋದೆವು. ಕಾಕ, ಅವರ ಮಗ, ಜಮಾಅತಿನ ಕಾರ್ಯದರ್ಶಿ ಮತ್ತು ನಾನು. ಕುದುರೆಯ ಯಜಮಾನ ಮೊದಲು ಹೆದರಿದ. ಹುಡುಗ ಮೊಬೈಲ್ ತೆಗೆದು ಪೂರ್ತಿ ಚಿತ್ರವನ್ನು, ತನ್ನ ಕೂಗಿನ ಸಹಿತ, ಅವನ ಕೈಗೆ ಕೊಟ್ಟ. ಆತ ನೋಡಿದ. ಹದೀಸಿನ ಮಾತನ್ನು ಮತ್ತೆ ಎತ್ತಲಿಲ್ಲ. "ಪಟ್ಟಿ ಹಳೆಯದಾಗಿತ್ತು, ಬದಲಾಯಿಸಬೇಕೆಂದು ನಾಲ್ಕು ತಿಂಗಳಿಂದ ಅಂದುಕೊಂಡಿದ್ದೆ" ಎಂದು ತಾನಾಗಿಯೇ ಹೇಳಿದ. ಸತ್ಯ ಒಂದು ಕಡೆಯಿಂದ ಹೊರಟರೆ ಇನ್ನೊಂದು ಕಡೆಯಿಂದಲೂ ಬರುತ್ತದೆ ಎಂಬುದನ್ನು ಅಂದು ಕಣ್ಣಾರೆ ಕಂಡೆ.

ಅವನ ಕುದುರೆಗಳನ್ನೂ ನೋಡಿದೆ. ಮೂರು ಕುದುರೆ. ಒಂದರ ಬೆನ್ನಿನಲ್ಲಿ ಜೀನು ಉಜ್ಜಿ ಹುಣ್ಣಾಗಿತ್ತು. ಹಸಿವು ಮತ್ತು ದುಡಿತದಿಂದ ಕಣ್ಣೀರಿಟ್ಟ ಒಂಟೆಯ ಕಿವಿಯ ಹಿಂಭಾಗವನ್ನು ಸವರಿ, ಈ ಮೂಕ ಪ್ರಾಣಿಯ ವಿಷಯದಲ್ಲಿ ಅಲ್ಲಾಹನನ್ನು ಭಯಪಡು ಎಂದು ಅದರ ಒಡೆಯನಿಗೆ ಪ್ರವಾದಿವರ್ಯರು(ಸ) ಹೇಳಿದ್ದು ನೆನಪಾಯಿತು, ಅವನಿಗೂ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡು, "ಉಸ್ತಾದ್, ನೂರು ರೂಪಾಯಿಯ ಸವಾರಿಯನ್ನು ಎಲ್ಲರೂ ನಲುವತ್ತಕ್ಕೆ ಕೇಳುತ್ತಾರೆ" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಪ್ರವಾಸಕ್ಕೆ ಹೋಗುವ ನಮ್ಮ ಸಹೋದರರು ಇದನ್ನು ಓದುತ್ತಿದ್ದರೆ, ಮುಂದಿನ ಸಲ ಹತ್ತುವ ಮೊದಲು ಆ ಪಟ್ಟಿಯನ್ನು ಕೈಯಿಂದ ಎಳೆದು ನೋಡಿ, ಹಗ್ಗ ಯಾರ ಕೈಯಲ್ಲಿದೆಯೆಂದು ನೋಡಿ, ಆಮೇಲೆ ಬಾಡಿಗೆ ಚೌಕಾಶಿ ಮಾಡಿ. ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್ ಎಂದು ತಾನೇ ನಾವು ಕಲಿತದ್ದು?

ಎಲುಬಿನ ವೈದ್ಯರ ಅಭಿಪ್ರಾಯವನ್ನು ಮುಂದಿಟ್ಟುಕೊಂಡು ಎರಡೂ ಕಡೆಯ ಹಿರಿಯರು ಮಗುವಿನ ಕೈಗೆ 60 ಸಾವಿರವೆಂದು ನಿರ್ಣಯಿಸಿದರು. ಕೆಲಸದ ಹುಡುಗನ ಪಾಲನ್ನೂ ಯಜಮಾನನೇ ಹೊತ್ತುಕೊಂಡ. ಅವನದು 40, ಕಾಕನ ಮಗನದು 20. ಆಸ್ಪತ್ರೆಯ ಖರ್ಚನ್ನು ಕಾಕ ಬಿಟ್ಟರು. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂಬ ಅಲ್ ಬಕರಾ ಅಧ್ಯಾಯದ ಆದೇಶದಂತೆ ಕಂತುಗಳಾದವು. ಯಜಮಾನನಿಗೆ ತಿಂಗಳಿಗೆ ಎರಡು ಸಾವಿರ, ಹುಡುಗನಿಗೆ ಸಾವಿರ. ಹುಡುಗ ಈಗ ಭಾನುವಾರಗಳಂದು ಒಂದು ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾನೆ. ಸೋದರಮಾವನಿಗೆ ಇದಾವುದೂ ಹಿಡಿಸಿಲ್ಲ. ಐದು ಲಕ್ಷವನ್ನು ನಾನೇ ತಪ್ಪಿಸಿದೆನೆಂದು ಈಗಲೂ ಹೇಳಿಕೊಂಡು ತಿರುಗುತ್ತಾರೆ.

ಕಳೆದ ಶುಕ್ರವಾರ ಜುಮುಅದ ನಂತರ ಕಾಕ ಅಂಚೆ ಕಚೇರಿಯ ಪಾಸ್‌ಬುಕ್ ತೋರಿಸಿದರು. ಮಗಳ ಹೆಸರಿನದು. ಒಂಬತ್ತು ತಿಂಗಳ ಕಂತು ಬಿದ್ದಿದೆ. ಬೆಟ್ಟದಿಂದ ಬರುವ ಎರಡು ಸಾವಿರ ಒಂದು ಸಲವೂ ತಪ್ಪಿಲ್ಲ. ಮಳೆಗಾಲದಲ್ಲಿ ಒಮ್ಮೆ ಹತ್ತು ದಿನ ತಡವಾಯಿತು, ಅದಕ್ಕೂ ಮೊದಲೇ ಫೋನ್ ಮಾಡಿ ತಿಳಿಸಿದ್ದನಂತೆ. ಮನೆಯೊಳಗಿನ ಸಾವಿರ ಮಾತ್ರ ಎರಡು ತಿಂಗಳಿನದು ಬಾಕಿ. ತಂಗಿ ಎಡಗೈಯಲ್ಲಿ ಅದನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾಳೆ.